ನಮ್ಮ ಮನೆಯ ನೀರುನಾಯಿ



ಈ ಸಲ ಬಂದ ಕಾಗದಗಳ ಕಟ್ಟಿನಲ್ಲಿ ಒಂದು ಕಾಗದ ನನ್ನ ಬೆಳಗಿನ ಕೆಲಸವನ್ನೇ ಕೆಡಿಸಿತು. ಓದುತ್ತಾ ಕೂತವಳಿಗೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯಲಿಲ್ಲ. ಬರೆದವರು ಹೊಸನಗರದ ಕಡೆಯವರು. ಹಿತ್ತಿಲು ಮುಗಿದಲ್ಲಿಗೆ ಹಿನ್ನೀರು. ಮಕ್ಕಳಿಬ್ಬರೂ ಬೆಂಗಳೂರು ಸೇರಿಕೊಂಡಿದ್ದಾರೆ. ಮಹಡಿಯ ಎರಡು ಕೋಣೆ ಖಾಲಿ ಬಿದ್ದಿವೆ. "ನೀವು ತುಂಗೆಯ ದಂಡೆಯಲ್ಲಿ ಅತಿಥಿಗಳನ್ನು ಇಟ್ಟುಕೊಳ್ಳುತ್ತೀರೆಂದು ಹಿಂದೊಮ್ಮೆ ಬರೆದಿದ್ದಿರಿ. ನಾವೂ ಹಾಗೆ ಮಾಡಬಹುದೇ? ನಮ್ಮಲ್ಲಿ ಒಂದು ನಾಯಿಯಿದೆ. ದಿನಕ್ಕೆ ನಾಲ್ಕು ಸಲ ನೀರಿಗೆ ಬೀಳುತ್ತದೆ. ಬಂದವರು ಬೇಸರ ಮಾಡಿಕೊಂಡಾರೇನೋ ಎಂಬ ಯೋಚನೆ" ಎಂದು ಕೇಳಿದ್ದಾರೆ.

ಬೇಸರ ಮಾಡಿಕೊಳ್ಳುವುದಿಲ್ಲ ತಾಯಿ, ಬಹಳ ಇಷ್ಟಪಡುತ್ತಾರೆ. ತೊಂದರೆ ಇರುವುದೇ ಅಲ್ಲಿ! ಅದನ್ನು ಹೇಳಬೇಕಾದರೆ ನಮ್ಮ ಗುಂಡನ ಕಥೆಯನ್ನು ಮೊದಲಿನಿಂದ ಹೇಳಬೇಕು. ಸ್ವಲ್ಪ ಉದ್ದವಾದೀತು. ಒಂದು ಲೋಟ ಕಾಫಿ ಬೆರೆಸಿಕೊಂಡು ಬಂದು ಕೂತುಕೊಳ್ಳಿ.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ. ಹಿಂದಿನವರು ಬೆಂಕಿಪುರ ಎನ್ನುತ್ತಿದ್ದ ಊರು. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ, ನಡುವೆ ಭದ್ರಾ ನದಿ. ನಮಗೆ ಚಿಕ್ಕಂದಿನಲ್ಲಿ ಮಳೆಗಾಲದ ಜಾತ್ರೆ ಎಂದರೆ ಹೊಸಸೇತುವೆಯ ಮೇಲೆ ನೀರು ಹರಿಯುವುದನ್ನು ನೋಡುವುದು. ಹೆಸರು ಹೊಸಸೇತುವೆ, ಮುಳುಗುವುದೂ ಅದೇ! ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ನೀರು 186 ಅಡಿಯ ಹತ್ತಿರ ಬಂದು ಬಾಗಿಲು ತೆಗೆದರೆಂದರೆ ಅಪ್ಪ ನಮ್ಮನ್ನು ಕೈಹಿಡಿದು ಕರೆದುಕೊಂಡು ಹೋಗಿ ದೂರದಿಂದ ತೋರಿಸುತ್ತಿದ್ದರು. ಕೈ ಬಿಡುತ್ತಿರಲಿಲ್ಲ. ಆ ಹಿಡಿತ ನನ್ನ ಮಣಿಕಟ್ಟಿಗೆ ಈಗಲೂ ನೆನಪಿದೆ.

ಮದುವೆಯಾಗಿ ತುಂಗೆಯ ಕಡೆಗೆ ಬಂದೆ. ಅತ್ತೆಯ ಮನೆ ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು ದಾಟಿದ ಮೇಲೆ. ಎರಡು ಎಕರೆ ಅಡಿಕೆ ತೋಟ, ಹಳೆಯ ಹೆಂಚಿನ ಮನೆ, ತೋಟದ ಕೊನೆಗೆ ನದಿಗಿಳಿಯಲು ಕಲ್ಲಿನ ಮೆಟ್ಟಿಲು. ತುಂಗೆ ಭದ್ರೆ ಇಬ್ಬರೂ ಗಂಗಾಮೂಲದಲ್ಲಿ ಒಂದೇ ಬೆಟ್ಟದಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಕೂಡ್ಲಿಯಲ್ಲಿ ಮತ್ತೆ ಸೇರುತ್ತಾರಷ್ಟೆ. ಅಕ್ಕತಂಗಿಯರೇ ಆದರೂ ಸ್ವಭಾವ ಒಂದೇ ಅಲ್ಲ. ನನಗೆ ಇದು ಅರ್ಥವಾಗಲು ಎಷ್ಟೋ ವರ್ಷ ಬೇಕಾಯಿತು. ಭದ್ರೆಯ ಅಣೆಕಟ್ಟು ದೊಡ್ಡ ಹಂಡೆಯಿದ್ದ ಹಾಗೆ. 71 ಟಿ.ಎಂ.ಸಿ.ಗೂ ಮೇಲೆ ನೀರು ಹಿಡಿಯುತ್ತದೆ. ಮೊದಲ ಮಳೆಯನ್ನೆಲ್ಲ ಅದು ಹೊಟ್ಟೆಗೆ ಹಾಕಿಕೊಂಡು ಸುಮ್ಮನಿರುತ್ತದೆ. ನಮ್ಮ ಗಾಜನೂರಿನ ತುಂಗಾ ಅಣೆಕಟ್ಟು ಒಂದು ಚೊಂಬು. ಹಿಡಿಯುವುದು 3.24 ಟಿ.ಎಂ.ಸಿ. ಅಷ್ಟೇ. ಶೃಂಗೇರಿ, ತೀರ್ಥಹಳ್ಳಿ ಕಡೆ ಎರಡು ದಿನ ಜಡಿಮಳೆ ಹಿಡಿಯಿತೆಂದರೆ ಚೊಂಬು ತುಂಬಿತು. ಆಮೇಲೆ ಬಂದ ನೀರೆಲ್ಲ ಹಾಗೇ ಮುಂದಕ್ಕೆ. ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯಲ್ಲಿರುವ ಮಂಟಪ ಮುಳುಗಿತೇ ಎಂದು ಊರಿಗೆ ಊರೇ ಹೋಗಿ ನೋಡುತ್ತದಲ್ಲ, ಅದು ಈ ನೀರೇ. ಆದ್ದರಿಂದ ನಿನ್ನೆ ಸಂಜೆ ಕನ್ನಡಿಯ ಹಾಗಿದ್ದ ಹಿನ್ನೀರು ಇವತ್ತು ಬೆಳಗ್ಗೆ ಕೆಂಪಗೆ, ಸುಳಿಸುಳಿಯಾಗಿ ಓಡುತ್ತಿರುತ್ತದೆ. ಹಿನ್ನೀರು ಎಂದರೆ ನಿಂತ ನೀರು ಎಂದುಕೊಂಡವರು ಮೋಸ ಹೋಗುತ್ತಾರೆ. ಮುಂದೆ ಹೇಳುವುದಕ್ಕೆ ಇದು ಬೇಕಾದ್ದರಿಂದ ಇಷ್ಟು ಬಿಡಿಸಿ ಹೇಳಿದೆ.

ಇವರು ಭದ್ರಾವತಿಯಲ್ಲೇ ಕೆಲಸದಲ್ಲಿದ್ದರು. ಕಾರ್ಖಾನೆಯ ಯಂತ್ರಗಳು ನಿಂತವು, ಕೈಗೆ ಒಂದಿಷ್ಟು ಹಣ ಬಂತು, ಕೆಲಸ ಹೋಯಿತು. ಕ್ವಾರ್ಟರ್ಸ್ ಬಿಟ್ಟು ತೋಟಕ್ಕೆ ಬಂದು ಕೂತೆವು. ಎರಡು ಎಕರೆ ಅಡಿಕೆಯಲ್ಲಿ ಇಬ್ಬರು ಮಕ್ಕಳ ಓದು ಸಾಗುವುದು ಹೇಗೆ? ದನದ ಕೊಟ್ಟಿಗೆಯ ಪಕ್ಕ ಅಡಿಕೆ ಸುಲಿಯುವ ಉದ್ದನೆಯ ಕಟ್ಟಡವೊಂದಿತ್ತು. ಅದನ್ನೇ ಮೂರು ಕೋಣೆ ಮಾಡಿ, ಒಂದೊಂದಕ್ಕೂ ಬಚ್ಚಲು ಕಟ್ಟಿಸಿ, 2017ರಲ್ಲಿ ಮೊದಲ ಅತಿಥಿಗಳನ್ನು ಕರೆದೆವು. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ, ಪೊಲೀಸ್ ಠಾಣೆಗೆ ತಿಳಿಸುವುದು, ಬಂದವರ ಗುರುತಿನ ಚೀಟಿ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುವುದು, ಹೊರದೇಶದವರು ಬಂದರೆ 24 ಗಂಟೆಯೊಳಗೆ ಫಾರಂ ತುಂಬಿ ಕಳಿಸುವುದು, ಇವೆಲ್ಲ ಇವರ ಪಾಲು. ಹೊಸನಗರದ ಸೋದರಿಯೇ, ಇದನ್ನು ಮೊದಲೇ ಮುಗಿಸಿಕೊಳ್ಳಿ. ನೆಂಟರೆಂದು ಹೇಳಿ ನಡೆಸುವವರೂ ಇದ್ದಾರೆ, ಆ ಗೊಡವೆ ಬೇಡ. ರಾತ್ರಿ ನಿದ್ದೆ ಬರಬೇಕಲ್ಲ.

ಇನ್ನು ಗುಂಡ. ಕ್ವಾರ್ಟರ್ಸಿನಲ್ಲಿ ಇದ್ದಾಗಲೇ ಇವರ ಸ್ನೇಹಿತರೊಬ್ಬರು ಕೊಟ್ಟ ಲ್ಯಾಬ್ರಡಾರ್ ಮರಿ. ಇವರು ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಾಗ ಹಾಲಿನ ಕ್ಯಾನಿಗಿಂತ ಚಿಕ್ಕದು. ಕಪ್ಪಗೆ, ದುಂಡಗೆ. ನನಗೆ ನಾಯಿ ಬೇಕಿರಲಿಲ್ಲ, ಸತ್ಯ ಹೇಳುತ್ತೇನೆ. "ಬಾಡಿಗೆ ಮನೆಯಲ್ಲಿ ನಾಯಿ ಯಾಕ್ರೀ?" ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಮೂರನೆಯ ದಿನ ಬಟ್ಟೆ ಒಗೆಯುವಾಗ ಮರಿ ಬಂದು ಬಕೆಟ್ಟಿನೊಳಗೆ ಕೂತುಬಿಟ್ಟಿತು. ಸೋಪಿನ ನೊರೆಯಲ್ಲಿ ಬರೀ ಎರಡು ಕಣ್ಣು. ಅಲ್ಲಿಗೆ ನನ್ನ ಹಟ ಮುಗಿಯಿತು.

ಈ ಜಾತಿಯ ನಾಯಿಗಳ ಪೂರ್ವಿಕರು ಕೆನಡಾ ದೇಶದ ನ್ಯೂಫೌಂಡ್‌ಲ್ಯಾಂಡ್ ಎಂಬ ದ್ವೀಪದಲ್ಲಿ ಬೆಸ್ತರ ಜೊತೆ ದೋಣಿಯಲ್ಲಿ ಹೋಗುತ್ತಿದ್ದವಂತೆ. ಹಿಮದಂಥ ಸಮುದ್ರಕ್ಕೆ ಹಾರಿ ಬಲೆ ಎಳೆಯುವುದು, ಜಾರಿಹೋದ ಮೀನು ತರುವುದು ಅವುಗಳ ಕೆಲಸ. ಬೆರಳುಗಳ ನಡುವೆ ಬಾತುಕೋಳಿಗಿದ್ದ ಹಾಗೆ ಚರ್ಮವಿದೆ. ಮೈಯ ಕೂದಲು ಎರಡು ಪದರ. ಒಳಗಿನದಕ್ಕೆ ನೀರು ಸುಲಭವಾಗಿ ಇಳಿಯುವುದಿಲ್ಲ. ಬಾಲ ಬುಡದಲ್ಲಿ ದಪ್ಪ, ತುದಿಗೆ ಸಪೂರ, ಈಜುವಾಗ ದೋಣಿಯ ಚುಕ್ಕಾಣಿಯಂತೆ ತಿರುಗುತ್ತದೆ. ಥೇಟು ನೀರುನಾಯಿಯ ಬಾಲ! ನಮ್ಮ ತುಂಗಭದ್ರೆಯಲ್ಲಿ ನಿಜವಾದ ನೀರುನಾಯಿಗಳೂ ಇವೆ. ಕೆಳಗೆ ಕಂಪ್ಲಿಯ ಕಡೆ ಅವುಗಳಿಗಾಗಿಯೇ 2015ರಲ್ಲಿ ಸರ್ಕಾರ ಒಂದು ಸಂರಕ್ಷಿತ ಪ್ರದೇಶ ಮಾಡಿದೆ. ಇವನನ್ನು ಮೊದಲ ಸಲ ಮೆಟ್ಟಿಲಿನ ಹತ್ತಿರ ಬಿಟ್ಟಾಗ ಯಾರೂ ಕಲಿಸದೆ ಈಜಿಕೊಂಡು ಹೋಗಿ, ತೇಲುತ್ತಿದ್ದ ತೆಂಗಿನಕಾಯಿಯೊಂದನ್ನು ಬಾಯಲ್ಲಿ ಕಚ್ಚಿ ತಂದು ನನ್ನ ಕಾಲ ಬುಡದಲ್ಲಿ ಇಟ್ಟ. ಅತ್ತೆ ಜಗಲಿಯಿಂದ, "ಇದು ನಾಯಿಯಲ್ಲ ಕಣೇ, ನೀರುನಾಯಿ" ಅಂದರು. ಅಂದಿನಿಂದ ಆ ಹೆಸರೂ ಉಳಿಯಿತು. ಆ ಕಾಯಿಯ ಚಟ್ನಿಯನ್ನು ಮನೆಯವರೆಲ್ಲ ತಿಂದೆವು.

ಗುಂಡ ಎಂಬ ಹೆಸರಿನಿಂದ ಒಮ್ಮೆ ಪೇಚಾಟವಾಯಿತು. ಹಾಸನದ ಕಡೆಯ ಹಿರಿಯರೊಬ್ಬರು ಬಂದಿದ್ದರು. ಬೆಳಗ್ಗೆ ನಾನು ಅಂಗಳದಲ್ಲಿ ನಿಂತು, "ಗುಂಡಾ, ಏಳೋ, ಬಿಸಿಲು ಏರಿತು, ಎಷ್ಟು ಹೊತ್ತು ಬಿದ್ದುಕೊಂಡಿರ್ತೀಯಾ!" ಎಂದು ಕೂಗಿದೆ. ಎರಡನೇ ಕೋಣೆಯ ಬಾಗಿಲು ತೆರೆದು ಆ ಹಿರಿಯರು ಗಾಬರಿಯಿಂದ ಹೊರಗೆ ಬಂದರು. ಅವರ ಹೆಸರೂ ಗುಂಡಪ್ಪನವರೇ! ನಾಚಿಕೆಯಿಂದ ನೆಲ ನೋಡಿದೆ. ಅವರು ಮಾತ್ರ ಇದ್ದ ಮೂರು ದಿನವೂ ನಾಯಿಯನ್ನು "ಬನ್ನಿ ನನ್ನ ಹೆಸರಿನವರೇ" ಎಂದೇ ಕರೆದರು.

ಅತಿಥಿಗಳು ಬರುವುದು ಯಾಕೆ ಎಂದುಕೊಂಡಿರಿ? ಬೆಂಗಳೂರಿನಿಂದ ಜೋಗಕ್ಕೋ ಮುರ್ಡೇಶ್ವರಕ್ಕೋ ಮಲ್ಪೆಗೋ ಹೋಗುವವರು ದಾರಿಯಲ್ಲಿ ಒಂದೆರಡು ದಿನ ನಿಲ್ಲುತ್ತಾರೆ. ಬೆಳಗ್ಗೆ ಸಕ್ರೆಬೈಲಿನಲ್ಲಿ ಆನೆಗಳ ಸ್ನಾನ ನೋಡಬೇಕು, ಮಂಡಗದ್ದೆಯಲ್ಲಿ ಹಕ್ಕಿ ನೋಡಬೇಕು. ಆನೆ ನೋಡುವವರಿಗೆ ಏಳೂವರೆಗೇ ತಿಂಡಿ ಆಗಬೇಕು, ಅದೊಂದು ನೆನಪಿಡಿ. ಬರುಬರುತ್ತಾ ನಮ್ಮಲ್ಲಿಗೆ ಬರುವವರು ಗುಂಡನನ್ನು ನೋಡಲಿಕ್ಕೇ ಬರತೊಡಗಿದರು. ನದಿಗೆ ಕಾಯಿ ಎಸೆದರೆ ತರುವ ನಾಯಿ! ಮಕ್ಕಳಿಗೆ ಇದಕ್ಕಿಂತ ಏನು ಬೇಕು? ಫೋನಿನಲ್ಲಿ ಮಾತಾಡುವಾಗಲೇ, "ನಾಯಿ ಇದೆಯಲ್ಲಾ ಮೇಡಂ? ಈಜುತ್ತದಲ್ಲಾ?" ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು. ನಾನೂ ಬಲು ಹೆಮ್ಮೆಯಿಂದ, "ಬನ್ನಿ, ನಿಮ್ಮ ಮಕ್ಕಳೇ ಕಾಯಿ ಎಸೆಯಲಿ" ಎನ್ನುತ್ತಿದ್ದೆ. ಈ ಮಾತನ್ನು ನಾನೇ ಆಡಿದ್ದೆ. ಬೇರೆ ಯಾರ ಮೇಲೂ ಹಾಕುವ ಹಾಗಿಲ್ಲ.

ಮೂರು ವರ್ಷದ ಹಿಂದಿನ ಆಷಾಢ. ಎರಡು ದಿನದಿಂದ ಬಿಡದೆ ಮಳೆ. ಮೂರನೆಯ ದಿನ ಬೆಳಗ್ಗೆ ಸ್ವಲ್ಪ ಹೊಳವಾಗಿತ್ತು. ಮೂರು ಮೆಟ್ಟಿಲು ಬಿಟ್ಟು ಉಳಿದದ್ದೆಲ್ಲ ಮುಳುಗಿತ್ತು. ಅತಿಥಿಗಳಲ್ಲಿ ಗಂಡ ಹೆಂಡತಿ, ಎಂಟು ವರ್ಷದ ಗಂಡು ಹುಡುಗ, ಚಿಕ್ಕ ಹೆಣ್ಣು ಮಗು. ನಾನು ಒಳಗೆ ಕಡುಬಿಗೆ ಅಕ್ಕಿ ರುಬ್ಬುತ್ತಿದ್ದೆ. ಮಿಕ್ಸಿಯ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಇವರು ಪೇಟೆಗೆ ಹೋಗಿದ್ದರು. ಹುಡುಗ ಜಗಲಿಯಲ್ಲಿದ್ದ ಕಾಯಿ ತೆಗೆದುಕೊಂಡು ಹೋಗಿ ನದಿಗೆ ಎಸೆದಿದ್ದಾನೆ. ಗುಂಡ ಹಾರಿದ್ದಾನೆ. ಯಾವತ್ತಿನ ಹಾಗೆ ಕಾಯಿ ಅಲ್ಲೇ ತೇಲಲಿಲ್ಲ, ನದಿ ಎಳೆದುಕೊಂಡು ಹೋಯಿತು. ಅದರ ಹಿಂದೆಯೇ ಗುಂಡ. ಒಂದು ಕ್ಷಣ ಮೆಟ್ಟಿಲಿನ ಪಕ್ಕದ ಹುತ್ತಿಮರದ ಬುಡದಲ್ಲಿ ಅವನ ಕಾಲು ಏನಕ್ಕೋ ತಾಗಿ ನಿಂತ ಹಾಗೆ ಕಂಡಿತಂತೆ. ಹುಡುಗ "ಗುಂಡ ನಿಂತಿದ್ದಾನೆ, ನಾನು ಕರೆದುಕೊಂಡು ಬರ್ತೀನಿ" ಎಂದು ಮೆಟ್ಟಿಲಿಳಿದ.

ತೋಟದ ಕೆಲಸಕ್ಕೆ ಬರುವ ಹೆಂಗಸು ಹುಲ್ಲು ಹೊತ್ತು ಬರುತ್ತಿದ್ದವಳು ಹೊರೆ ಬಿಸಾಡಿ ಓಡಿ, ಹುಡುಗನ ಅಂಗಿಯ ಕಾಲರು ಹಿಡಿದು ಹಿಂದಕ್ಕೆಳೆದಳು. ನೀರು ಅವನ ಸೊಂಟದವರೆಗೆ ಬಂದಿತ್ತು. ಅವಳ ಕೂಗಿಗೆ ನಾನು ರುಬ್ಬುವ ಕೈಯಲ್ಲೇ ಓಡಿದೆ. ಮೆಟ್ಟಿಲ ಮೇಲೆ ಹುಡುಗ ಕೂತು ಅಳುತ್ತಿದ್ದ. ನದಿಯ ತುಂಬ ಕೆಂಪು ನೀರು. ಗುಂಡ ಎಲ್ಲೂ ಇರಲಿಲ್ಲ.

ಹುಡುಗನ ತಾಯಿ ಜಗಳವಾಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು. ಮಗನ ತಲೆ ಒರೆಸುತ್ತಾ ಒಂದೇ ಮಾತು ಹೇಳಿದರು: "ನಾಯಿ ಇಳಿಯಿತಲ್ಲ, ಹಾಗಾದರೆ ಆಳ ಇಲ್ಲ ಅಂದುಕೊಂಡು ನಾನೂ ಕಿಟಕಿಯಿಂದ ನೋಡುತ್ತಾ ನಿಂತಿದ್ದೆ." ಮಧ್ಯಾಹ್ನಕ್ಕೇ ಬಟ್ಟೆ ಮಡಚಿಟ್ಟುಕೊಂಡು ಹೊರಟರು. ನಾನು ಹಣ ಹಿಂದಿರುಗಿಸಿದೆ. ಅವರು ಬೇಡವೆಂದರೂ ಆ ಹೆಣ್ಣು ಮಗುವಿನ ಕೈಯಲ್ಲಿ ಇಟ್ಟೆ.

ಗುಂಡ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಎಲ್ಲೋ ಕೆಳಗೆ ಬಿದಿರಿನ ಮೆಳೆ ಸಿಕ್ಕಿ ದಡ ಹತ್ತಿದ್ದಿರಬೇಕು. ಮೈಯೆಲ್ಲ ಮುಳ್ಳು, ಮುಂಗಾಲಿನ ಉಗುರೊಂದು ಕಿತ್ತು ರಕ್ತ. ರಸ್ತೆಯ ಕಡೆಯಿಂದ ಕುಂಟುತ್ತಾ ಬಂದವನು ನನ್ನ ಹತ್ತಿರ ಬರಲಿಲ್ಲ, ನೇರ ಹುಡುಗನಿದ್ದ ಕೋಣೆಯ ಬಾಗಿಲಿಗೆ ಹೋಗಿ ಕೂತ. ಕಾಯಿ ತರಲಿಲ್ಲವೆಂಬ ನಾಚಿಕೆಯೋ ಏನೋ ಎಂದು ಅತ್ತೆ ಹೇಳಿದರು. ನಾನು ಅಂದು ರಾತ್ರಿ ಊಟ ಮಾಡಲಿಲ್ಲ.

ಹೊಸನಗರದ ಸೋದರಿಯೇ, ನಾನು ಹೇಳಬೇಕೆಂದಿದ್ದು ಇದು. ನೀರಿನಲ್ಲಿ ಆಡುವ ನಾಯಿ ದಂಡೆಯಲ್ಲಿದ್ದರೆ ಅದೇ ಒಂದು ಫಲಕವಾಗುತ್ತದೆ. "ಅಪಾಯ, ಇಳಿಯಬೇಡಿ" ಎಂದು ನೀವು ಎಷ್ಟು ದೊಡ್ಡ ಅಕ್ಷರದಲ್ಲಿ ಬರೆಸಿ ನೆಟ್ಟರೂ, ಪಕ್ಕದಲ್ಲಿ ನಾಯಿ ಈಜುತ್ತಿದ್ದರೆ ಜನ ನಾಯಿಯನ್ನೇ ನಂಬುತ್ತಾರೆ. ನಾಲ್ಕು ಕಾಲಿನ, ಚುಕ್ಕಾಣಿ ಬಾಲದ ಪ್ರಾಣಿಗೆ ಸಾಧ್ಯವಾದದ್ದು ಬೆಂಗಳೂರಿನ ಈಜುಕೊಳದಲ್ಲಿ ಕಲಿತ ಮಗುವಿಗೆ ಸಾಧ್ಯವಿಲ್ಲ. ಮೆಟ್ಟಿಲ ಮೇಲೆ ಮಳೆಗಾಲದಲ್ಲಿ ಹೂಳು ಕೂತು ಬೆಣ್ಣೆ ಸವರಿದ ಹಾಗೆ ಜಾರುತ್ತದೆ, ಅದು ಬೇರೆ.

ಮರುದಿನದಿಂದ ನಮ್ಮ ಮನೆಯಲ್ಲಿ ಜಗಳ. ನಾನು ಮೆಟ್ಟಿಲಿಗೆ ಕಬ್ಬಿಣದ ಗೇಟು ಹಾಕಿಸಬೇಕೆಂದೆ. ಇವರು, "ಜನ ಬರುವುದೇ ನದಿಗೆ ಕಣೇ. ನದಿಗೆ ಬೀಗ ಹಾಕಿ ಕೂತರೆ ನಮ್ಮ ಮುಖ ನೋಡಲು ಬರ್ತಾರಾ?" ಅಂದರು. ಅವರ ಮಾತಿನಲ್ಲೂ ತಪ್ಪಿರಲಿಲ್ಲ. ಮಗಳ ಕಾಲೇಜಿನ ಫೀಸು ಆ ಮೂರು ಕೋಣೆಗಳಿಂದಲೇ ಬರಬೇಕಿತ್ತು. ನಾಲ್ಕು ದಿನ ಮಾತಿಲ್ಲ. ಐದನೆಯ ದಿನ ನಾನು ನನ್ನ ಉಳಿತಾಯದ ಪುಸ್ತಕ ತೆಗೆದುಕೊಂಡು ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ ವೆಲ್ಡಿಂಗಿನವನಿಗೆ ಮುಂಗಡ ಕೊಟ್ಟು ಬಂದೆ. ಐದು ಅಡಿ ಎತ್ತರ, ಮಕ್ಕಳು ಕಾಲಿಟ್ಟು ಹತ್ತುವುದಕ್ಕೆ ಆಗದ ಹಾಗೆ ನೆಟ್ಟನೆಯ ಸರಳು. ಎರಡೂ ಪಕ್ಕಕ್ಕೆ ಬೇಲಿ. ಬೀಗದ ಕೈ ನನ್ನ ಸೊಂಟದಲ್ಲಿ. ಗೇಟು ಬಂದ ದಿನ ಇವರೇ ಗುದ್ದಲಿ ಹಿಡಿದು ಕಂಬಕ್ಕೆ ಗುಂಡಿ ತೆಗೆದರು. ಮಾತು ಮಾತ್ರ ಆಡಲಿಲ್ಲ!

ಆ ವರ್ಷ ಬರುವವರು ಕಡಿಮೆಯಾದದ್ದು ನಿಜ. ಫೋನಿನಲ್ಲಿ, "ಜೂನಿನಿಂದ ಅಕ್ಟೋಬರದವರೆಗೆ ನದಿ ನೋಡಲಿಕ್ಕೆ ಮಾತ್ರ, ಇಳಿಯಲಿಕ್ಕಿಲ್ಲ. ನಾಯಿಯೂ ಇಳಿಯುವುದಿಲ್ಲ" ಎಂದು ಮೊದಲೇ ಹೇಳುತ್ತೇನೆ. ಕೆಲವರು ಅಲ್ಲಿಗೇ ಫೋನು ಇಡುತ್ತಾರೆ. ಇಡಲಿ ಬಿಡಿ. ಆದರೆ ವಯಸ್ಸಾದ ತಂದೆ ತಾಯಿಯರನ್ನು, ಕೈಗೂಸುಗಳನ್ನು ಕರೆದುಕೊಂಡು ಬರುವವರು ಈಗ ಹೆಚ್ಚಾಗಿದ್ದಾರೆ. ಅವರು ಹೆಚ್ಚು ದಿನ ಇರುತ್ತಾರೆ. ಅಡುಗೆಯನ್ನೂ ಬಾಯ್ತುಂಬ ಹೊಗಳುತ್ತಾರೆ. ಫೀಸು ಕಟ್ಟಿದೆವು, ಸಾಲವಿಲ್ಲದೆ ಅಲ್ಲ.

ಗೇಟಿನಿಂದ ನಿಜವಾಗಿ ಸೋತವನು ಗುಂಡ. ಮೊದಲ ವಾರ ಗೇಟಿನ ಸರಳಿಗೆ ಮೂಗು ತೂರಿಸಿ ಮಲಗಿಯೇ ಇದ್ದ. ಅನ್ನ ಮುಟ್ಟಲಿಲ್ಲ. ಕಂಡವರ ಕಣ್ಣಲ್ಲಿ ನೀರು ಬರಬೇಕು. ಇವರು ಆಗ ಒಂದು ಉಪಾಯ ಮಾಡಿದರು. ತೋಟದ ಮೇಲ್ಭಾಗದಲ್ಲಿ ಹಳೆಯ ಸಿಮೆಂಟು ತೊಟ್ಟಿಯೊಂದಿತ್ತು, ಅದನ್ನು ಉಜ್ಜಿ ನೀರು ತುಂಬಿಸಿದರು. ಅಡಿಕೆ ತೋಟದವರು ಇಲ್ಲಿ ಎಚ್ಚರ ವಹಿಸಬೇಕು. ಮಳೆಗಾಲ ಹಿಡಿಯುವ ಮುಂಚೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ನೂರು ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ಆ ತೊಟ್ಟಿಯನ್ನೇ ನಾಯಿಗೆ ಕೊಡಬೇಡಿ. ಮೈಲುತುತ್ತ ವಿಷ. ನೀರು ಕಂಡರೆ ಹಾರುವ ನಾಯಿಗೆ ನೀಲಿ ನೀರು ಯಾವುದು, ಬಿಳಿ ನೀರು ಯಾವುದು? ಔಷಧಿ ಹೊಡೆಯುವ ದಿನಗಳಲ್ಲಿ ಅವನನ್ನು ನಾನು ಕೋಣೆಯಲ್ಲಿ ಕೂಡಿಹಾಕುತ್ತೇನೆ.

ನೀರಿನ ನಾಯಿ ಸಾಕುವವರು ನೋಡಿಕೊಳ್ಳಬೇಕಾದ ಇನ್ನೂ ಕೆಲವು ಸಂಗತಿಗಳನ್ನು ಹೇಳಿಬಿಡುತ್ತೇನೆ. ಇಳಿಬಿದ್ದ ಕಿವಿಯೊಳಗೆ ನೀರು ನಿಂತು ಕೀವಾಗುತ್ತದೆ; ಈಜಿ ಬಂದ ಕೂಡಲೇ ಹಳೆಯ ಪಂಚೆಯ ತುಂಡಿನಿಂದ ಕಿವಿಯ ಒಳಮಗ್ಗುಲು ಒರೆಸಿ. ಕಡ್ಡಿ ಹಾಕಬೇಡಿ. ಮಳೆಗಾಲದ ನಿಂತ ನೀರಿನಿಂದ ಇಲಿಜ್ವರ ನಾಯಿಗೂ ಬರುತ್ತದೆ, ನಾಯಿಯಿಂದ ನಮಗೂ ದಾಟಬಹುದು. ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ಜೊತೆಗೆ ಅದಕ್ಕೂ ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿ. ಆ ಚೀಟಿಯನ್ನು ನಾನು ಅತಿಥಿಗಳಿಗೆ ಕಾಣುವ ಹಾಗೆ ಗೋಡೆಗೆ ಅಂಟಿಸಿದ್ದೇನೆ. ಹೆದರುವವರಿಗೆ ಅರ್ಧ ಧೈರ್ಯ ಅದರಿಂದಲೇ ಬರುತ್ತದೆ. ಇನ್ನು ಉಣ್ಣಿ. ನಮ್ಮ ಜಿಲ್ಲೆಯವರಿಗೆ ಉಣುಗಿನ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಳೆ ನಿಂತ ಮೇಲೆ ಬೇಸಿಗೆ ಮುಗಿಯುವವರೆಗೆ ಕಾಡಿನ ಅಂಚಿಗೆ ಹೋಗಿ ಬಂದ ನಾಯಿಯ ಕಿವಿ, ಕುತ್ತಿಗೆ, ಬೆರಳ ಸಂದು ಎಲ್ಲ ನೋಡಿ, ಉಣ್ಣಿಯನ್ನು ಇಕ್ಕಳದಲ್ಲಿ ತೆಗೆಯಿರಿ, ಕೈಯಲ್ಲಿ ಹಿಸುಕಬೇಡಿ. ಮಂಗ ಸತ್ತ ಸುದ್ದಿ ಬಂದ ಕಡೆಗಂತೂ ನಾಯಿಯೂ ಬೇಡ, ಅತಿಥಿಗಳೂ ಬೇಡ.

ಅತಿಥಿಗಳು ಪ್ರೀತಿಯಿಂದ ಏನಾದರೂ ತಿನ್ನಿಸುತ್ತಾರೆ, ಅದನ್ನು ತಡೆಯುವುದೇ ದೊಡ್ಡ ಕೆಲಸ. ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಇವು ನಾಯಿಗೆ ವಿಷವೆಂದು ನನಗೂ ಮೊದಲು ಗೊತ್ತಿರಲಿಲ್ಲ. ಹೊರಗಿನವರ ಮಾತು ಹಾಗಿರಲಿ, ನಮ್ಮ ಅತ್ತೆಯೇ ನಾಯಿ ಹೊಸಿಲು ದಾಟಬಾರದೆಂದು ಮಡಿ ಮಾಡುತ್ತಾ, ಹೊಸಿಲಿನ ಆಚೆಗೆ ಕೈ ಚಾಚಿ ದಿನಾ ಮಧ್ಯಾಹ್ನ ಮೊಸರನ್ನದ ಉಂಡೆ ಕೊಡುತ್ತಿದ್ದರು! ವಿನೋಬನಗರದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋಗಿ ತೂಗಿಸಿದಾಗಲೇ ಗುಟ್ಟು ರಟ್ಟಾದದ್ದು. 35 ಕೆ.ಜಿ. ಇರಬೇಕಾದವನು 43! ಡಾಕ್ಟರು, "ಅಮ್ಮಾ, ಈ ಭಾರವನ್ನು ಅವನ ಸೊಂಟದ ಕೀಲು ಹೊರಬೇಕಲ್ಲ" ಎಂದರು. ಈಗ ಉಪ್ಪಿಲ್ಲದ ರಾಗಿ ಗಂಜಿ, ಒಂದು ಮೊಟ್ಟೆ, ಬೇಯಿಸಿದ ಕುಂಬಳಕಾಯಿ. ಅತ್ತೆಗೂ ಅವನಿಗೂ ನನ್ನ ಮೇಲೆ ಸಿಟ್ಟು.

ಒದ್ದೆ ನಾಯಿಯ ವಾಸನೆಗೆ ಏನು ಮಾಡುತ್ತೀರಿ ಎಂದು ಕೇಳಿಯೇ ಕೇಳುತ್ತೀರಿ. ಬಾಗಿಲ ಹೊರಗೆ ಎರಡು ಗೋಣಿತಾಟು. ಒಂದು ಒರೆಸಲು, ಒಂದು ಮಲಗಲು. ಬಚ್ಚಲ ಹಂಡೆಯ ಒಲೆಯ ಹತ್ತಿರ ಮಲಗಿಸಿದರೆ ಬೇಗ ಒಣಗುತ್ತಾನೆ. ಆದರೆ ಮಳೆಗಾಲದಲ್ಲಿ ಅತಿಥಿಗಳ ಹಾಸಿಗೆಯ ಬಟ್ಟೆ ಒಣಗುವುದೂ ಅದೇ ಒಲೆಯ ಮೇಲಿನ ಅಟ್ಟದಲ್ಲಿ. ಒಂದು ಸಲ ಎರಡೂ ಒಟ್ಟಿಗೆ ಒಣಗಿ, ಬಂದವರು ಹೊದಿಕೆ ಮೂಸಿ ಮೂಸಿ ನೋಡಿದರು. ಕೋಣೆಗೊಂದಕ್ಕೆ ಮೂರು ಜೊತೆ ಹೊದಿಕೆ ಬೇಕೇ ಬೇಕು. ಎರಡು ಸಾಲುವುದಿಲ್ಲ.

ಮಾತಿನ ಭರದಲ್ಲಿ ಅಡುಗೆ ಮರೆತೆ. ನಮ್ಮಲ್ಲಿಗೆ ಬರುವವರೆಲ್ಲ ಕೇಳಿ ಬರೆದುಕೊಂಡು ಹೋಗುವುದು ಒಂದೆಲಗದ ತಂಬುಳಿಯನ್ನು. ತೋಟದಲ್ಲಿ ಕಾಲಿಗೆ ಸಿಗುವ ಸೊಪ್ಪು, ಖರ್ಚಿಲ್ಲ. ಬೇರಿನ ಮಣ್ಣು ಹೋಗುವ ಹಾಗೆ ತೊಳೆದ ಒಂದು ಹಿಡಿ ಒಂದೆಲಗ, ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸು. ಜೀರಿಗೆ ಮೆಣಸನ್ನು ತುಪ್ಪದಲ್ಲಿ ಹುರಿದು, ಅದರಲ್ಲೇ ಸೊಪ್ಪು ಬಾಡಿಸಿ. ಆರಿದ ಮೇಲೆ ಅರ್ಧ ಬಟ್ಟಲು ತೆಂಗಿನತುರಿಯೊಂದಿಗೆ ನುಣ್ಣಗೆ ರುಬ್ಬಿ, ಎರಡು ಬಟ್ಟಲು ಹುಳಿಯಿಲ್ಲದ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿ. ಮತ್ತೆ ಕುದಿಸಬಾರದು. ತುಪ್ಪದಲ್ಲಿ ಸಾಸಿವೆ, ಒಂದು ಒಣಮೆಣಸಿನಕಾಯಿ ಒಗ್ಗರಣೆ. ಬಿಸಿ ಅನ್ನಕ್ಕೆ ಕಲಸಿಕೊಂಡು ಉಂಡರೆ ಪ್ರಯಾಣ ಮಾಡಿ ಬಂದವರ ಹೊಟ್ಟೆಗೆ ತಂಪು.

ಗುಂಡನಿಗೆ ಈಗ ಹನ್ನೊಂದು ನಡೆಯುತ್ತಿದೆ. ಮೂತಿ ಬೆಳ್ಳಗಾಗಿದೆ. ಏಳುವಾಗ ಹಿಂಗಾಲು ಎರಡು ಸಲ ತಡವರಿಸುತ್ತದೆ. ನಿಂತ ನೀರಿನಲ್ಲಿ ಮೆಲ್ಲಗೆ ನಡೆದಾಡಿದರೆ ಕೀಲಿಗೆ ಒಳ್ಳೆಯದು, ಸೆಳವಿನಲ್ಲಿ ಮಾತ್ರ ಬೇಡ ಎಂದು ಡಾಕ್ಟರು ಹೇಳಿದ್ದಾರೆ. ಆದ್ದರಿಂದ ಬೇಸಿಗೆಯಲ್ಲಿ ಬೆಳಗ್ಗೆ ಆರು ಗಂಟೆಗೆ, ಅತಿಥಿಗಳಾರೂ ಎದ್ದಿರದ ಹೊತ್ತಿನಲ್ಲಿ, ನಾನು ಸೊಂಟದಿಂದ ಬೀಗದ ಕೈ ತೆಗೆದುಕೊಡುತ್ತೇನೆ. ಇವರು ಎದೆಪಟ್ಟಿಗೆ ಉದ್ದನೆಯ ಹಗ್ಗ ಕಟ್ಟಿ ಅವನನ್ನು ಇಳಿಸುತ್ತಾರೆ. ಎದೆಮಟ್ಟದ ನೀರಿನಲ್ಲಿ ಹತ್ತು ನಿಮಿಷ. ಮೊದಲೆಲ್ಲ ಹಗ್ಗ ಎಳೆದಾಡುತ್ತಿದ್ದವನು ಈಗ ಇವರ ಪಕ್ಕದಲ್ಲೇ ನಿಂತು ನೀರು ಮೂಸುತ್ತಾನೆ. ಇವರೂ ಪಂಚೆ ಎತ್ತಿ ಕಟ್ಟಿಕೊಂಡು ಮೊಣಕಾಲಿನವರೆಗೆ ನಿಂತಿರುತ್ತಾರೆ. ಇಬ್ಬರಿಗೂ ಮಂಡಿನೋವು. ನಾನು ಮೇಲಿನ ಮೆಟ್ಟಿಲಿನಲ್ಲಿ ಕಾಫಿ ಹಿಡಿದು ಕೂತಿರುತ್ತೇನೆ.

ಕಳೆದ ಚೈತ್ರದಲ್ಲಿ ಒಂದು ಕಾರು ಬಂತು. ಇಳಿದ ಹುಡುಗನನ್ನು ನನಗೆ ಗುರುತು ಹತ್ತಲಿಲ್ಲ, ಎತ್ತರವಾಗಿದ್ದಾನೆ. ತಾಯಿಯ ಮುಖ ನೋಡಿ ಎದೆ ಧಸಕ್ಕೆಂದಿತು. ಅವರು ನಗುತ್ತಾ, "ಇವನು ಪ್ರತಿ ರಜೆಗೂ ಗುಂಡ ಇದ್ದಾನಾ ಕೇಳಮ್ಮಾ ಅಂತಾನೆ, ಅದಕ್ಕೇ ಬಂದೆವು" ಅಂದರು. ಹುಡುಗ ಗೇಟಿನ ತನಕ ಹೋಗಿ, ಸರಳು ಹಿಡಿದು ಅಲುಗಿಸಿ ನೋಡಿ, ಬೀಗ ನೋಡಿ, ಮತ್ತೆ ಬಂದು ಗುಂಡನ ಪಕ್ಕ ನೆಲದ ಮೇಲೆ ಕೂತ. ಎರಡು ದಿನವೂ ಇಬ್ಬರೂ ಅಂಗಳದಲ್ಲೇ ಇದ್ದರು. ಅವನು ಕಾಯಿಯನ್ನು ನೆಲದ ಮೇಲೆ ಉರುಳಿಸುತ್ತಿದ್ದ, ಇವನು ನಿಧಾನವಾಗಿ ಎದ್ದು ಹೋಗಿ ತರುತ್ತಿದ್ದ.

ಹೊಸನಗರದ ಸೋದರಿಯೇ, ಕೋಣೆಗೆ ಸುಣ್ಣ ಹೊಡೆಸುವ ಮುಂಚೆ ಹಿತ್ತಿಲಿನ ಅಂಚಿಗೆ ಹೋಗಿ ಗೇಟಿನ ಅಳತೆ ತೆಗೆದುಕೊಳ್ಳಿ. ನಿಮ್ಮಲ್ಲಿಯ ಹಿನ್ನೀರು ಬೇಸಿಗೆಯಲ್ಲಿ ಎಷ್ಟು ದೂರ ಸರಿಯುತ್ತದೆ, ಮಳೆಗಾಲದಲ್ಲಿ ಎಲ್ಲಿಯವರೆಗೆ ಬರುತ್ತದೆ ಎಂದು ಊರಿನ ಹಿರಿಯರನ್ನು ಕೇಳಿ, ಮೇಲಿನ ಗೆರೆಯ ಆಚೆಗೆ ಬೇಲಿ ಹಾಕಿಸಿ. ನಿಮ್ಮ ನಾಯಿಯ ಹೆಸರು, ವಯಸ್ಸು ಬರೆದಿಲ್ಲವಲ್ಲ, ಮುಂದಿನ ಕಾಗದದಲ್ಲಿ ತಿಳಿಸಿ. ತೊಟ್ಟಿ ಕಟ್ಟಿಸುವುದಾದರೆ ಒಂದು ಬದಿಯಲ್ಲಿ ಇಳಿಜಾರು ಬಿಡಿಸಿ. ವಯಸ್ಸಾದ ಮೇಲೆ ಹಾರಿ ಇಳಿಯಲಾಗುವುದಿಲ್ಲ. ನಾವು ಬಿಡಿಸದೆ ಈಗ ಒಡೆಸುತ್ತಿದ್ದೇವೆ.

ಗುಂಡ ರಸ್ತೆಯ ಕಡೆ ಮುಖ ಮಾಡಿ ಬೊಗಳುತ್ತಿದ್ದಾನೆ. ತಿಪಟೂರಿನವರು ಸಂಜೆಗೆ ಬರುತ್ತೇನೆಂದಿದ್ದರು, ಈಗಲೇ ಬಂದರೋ ಏನೋ. ಇನ್ನೂ ಒಂದನೇ ಕೋಣೆಯ ಹೊದಿಕೆ ಅಟ್ಟದ ಮೇಲೇ ಇದೆ!